ಬ್ಯಾಟರಿ ಕಾಯುತ್ತಿದ್ದ ನನ್ನ ಮೈದುನ

ನಮ್ಮ ಮನೆಯಲ್ಲಿ ಕರೆಂಟ್ ಹೋದರೆ ದೀಪ ಉರಿಯುತ್ತಿರಲಿಲ್ಲ, ಫ್ಯಾನ್ ತಿರುಗುತ್ತಿರಲಿಲ್ಲ, ಯುಪಿಎಸ್ ಮಾತ್ರ ಬಹಳ ಚೆನ್ನಾಗಿ ನಡೆಯುತ್ತಿತ್ತು. ಇದನ್ನು ಕೇಳಿದವರು, ಯುಪಿಎಸ್ ತರುವುದೇ ಕರೆಂಟ್ ಹೋದಾಗ ದೀಪ ಉರಿಯಲಿ ಅಂತಲ್ಲವೇನಮ್ಮ ಎನ್ನುತ್ತಾರೆ. ಅವರಿಗೆ ನನ್ನ ಮೈದುನ ಶಿವಮೂರ್ತಪ್ಪನ ಪರಿಚಯವಿಲ್ಲ.

ಶಿವಮೂರ್ತಪ್ಪ ನನ್ನ ಯಜಮಾನರ ಬೆನ್ನಿಗೆ ಹುಟ್ಟಿದವನು. ಮೀಸೆ ಬಂದಾಗಿನಿಂದ ತಲೆ ನರೆಯುವ ತನಕ ಭದ್ರಾವತಿಯ ಒಂದು ಕಾರ್ಖಾನೆಯಲ್ಲಿ ಕರೆಂಟಿನ ಕಂಟ್ರೋಲ್ ರೂಮಿನಲ್ಲಿ ಕೆಲಸ ಮಾಡಿದ. ಒಂದು ಸಲ ನಾವೆಲ್ಲ ಆಯುಧಪೂಜೆಗೆ ಹೋದಾಗ ಆ ಕೋಣೆಯನ್ನು ತೋರಿಸಿದ್ದ. ಕಿಟಕಿ ಇಲ್ಲ. ಗೋಡೆಯ ತುಂಬ ಮುಳ್ಳಿನ ಮೀಟರುಗಳು. ನಡುವೆ ಒಂದು ಕುರ್ಚಿ, ಒಂದು ಫೋನು. ಇವನು ತಂತಿ ಮುಟ್ಟುವವನಲ್ಲ, ಕುರ್ಚಿಯಲ್ಲಿ ಕೂತು ಮುಳ್ಳು ನೋಡುವವನು. ಹೊರಗೆ ಕಂಬ ಹತ್ತಬೇಕಾದವನು ಮೊದಲು ಇವನಿಗೆ ಫೋನ್ ಮಾಡಿ, "ಲೈನ್ ಕ್ಲಿಯರ್ ಕೊಡಿ ಸಾರ್" ಎನ್ನಬೇಕು. ಇವನು ಕರೆಂಟ್ ನಿಲ್ಲಿಸಿ "ಕೊಟ್ಟೆ" ಎಂದ ಮೇಲೆಯೇ ಅವನು ತಂತಿಗೆ ಕೈ ಹಾಕುವುದು. ದೊಡ್ಡ ದೊಡ್ಡ ಎಂಜಿನಿಯರುಗಳು ಕೂಡ ಇವನ ಆ ಒಂದು ಮಾತಿಗೆ ಕಾದು ನಿಲ್ಲುತ್ತಿದ್ದರಂತೆ. ಅಲ್ಲಿ ಇನ್ನೊಂದು ಪದ್ಧತಿ ಇತ್ತು. ಒಬ್ಬ ಮೀಟರು ನೋಡಿ ಗಟ್ಟಿಯಾಗಿ ಹೇಳಬೇಕು. ಇನ್ನೊಬ್ಬ, ಕೇಳಿಸಿತು ಎಂಬುದಕ್ಕೆ, ಅದನ್ನೇ ತಿರುಗಿ ಹೇಳಬೇಕು. ತಪ್ಪು ಕೇಳಿಸಿದರೆ ಕಾರ್ಖಾನೆಯೇ ನಿಂತುಹೋಗುತ್ತದಲ್ಲ. ಇವನು ಹೇಳುವವನು, ಗೋವಿಂದಯ್ಯ ಎಂಬುವವರು ತಿರುಗಿ ಹೇಳುವವರು. ಗಂಡಹೆಂಡತಿಯಾದರೂ ಅಷ್ಟು ವರ್ಷ ಅಷ್ಟು ಹೊಂದಿಕೆಯಿಂದ ಮಾತಾಡಿರಲಾರರು.

ರಿಟೈರಾದ ಮೇಲೆ ಶಿವಮೊಗ್ಗದ ಆಲ್ಕೊಳದಲ್ಲಿ, ಸರ್ಕಲ್ಲಿನಿಂದ ಸ್ವಲ್ಪ ಒಳಗೆ, ಮನೆ ಕಟ್ಟಿಸಿದ. ನಮ್ಮ ಯಜಮಾನರು ಹೋದ ಮೇಲೆ ನಾನೂ ಅಲ್ಲಿಗೇ ಬಂದೆ. ಬಂದವಳು ನೋಡುತ್ತೇನೆ, ಮೀಟರಿಲ್ಲದೆ ಇವನು ನೀರಿನಿಂದ ತೆಗೆದ ಮೀನಿನ ಹಾಗಾಗಿದ್ದಾನೆ. ಬೆಳಗ್ಗೆ ಎದ್ದು ಜಗಲಿಯ ಕರೆಂಟ್ ಮೀಟರಿನ ಮುಂದೆ ಕೈಕಟ್ಟಿ ನಿಲ್ಲುವುದು. ಗ್ಯಾಸ್ ಸಿಲಿಂಡರ್ ಅಲ್ಲಾಡಿಸಿ ನೋಡುವುದು. ಟ್ಯಾಂಕಿಗೆ ಏಣಿ ಹಾಕಿ ಹತ್ತಿ, ಎಷ್ಟಿದೆ ಎಂದು ಕೋಲು ಬಿಟ್ಟು ನೋಡುವುದು. ಅಕ್ಕಿ ಡಬ್ಬದ ಮುಚ್ಚಳ ತೆಗೆದು ಇಣುಕುವುದು.

ಅವನ ಹೆಂಡತಿ ಮಹಾಂತಮ್ಮ ಒಂದು ದಿನ ನನಗೆ, "ಅಕ್ಕ, ಇನ್ನು ಸ್ವಲ್ಪ ದಿನಕ್ಕೆ ಇವರು ಅಕ್ಕಿ ಡಬ್ಬಕ್ಕೂ ಒಂದು ಮುಳ್ಳು ಕೂರಿಸ್ತಾರೆ ನೋಡ್ತಿರಿ" ಎಂದಳು.

ಮುಳ್ಳು ಬಂತು, ಅಕ್ಕಿ ಡಬ್ಬಕ್ಕಲ್ಲ. ಎರಡು ಸಾವಿರದ ಎಂಟನೇ ಇಸವಿಯ ಬೇಸಿಗೆ. ಬೆಳಗ್ಗೆ ಕರೆಂಟ್ ಇಲ್ಲ, ಸಂಜೆ ಕರೆಂಟ್ ಇಲ್ಲ, ನಡುವೆ ಬಂದರೆ ನೆಂಟರ ಹಾಗೆ ಮುಖ ತೋರಿಸಿ ಹೋಗುತ್ತಿತ್ತು. ಬೀದಿಯವರೆಲ್ಲ ಯುಪಿಎಸ್ ತಂದರು. ನಮ್ಮವನೂ ತಂದ. ಅದನ್ನು ಕೂರಿಸಿದ್ದು ಪಕ್ಕದ ಮನೆಯ ಮೆಹಬೂಬ್ ಸಾಬರ ಮಗ ಅರ್ಮಾನ್. ಅವನದು ಪೇಟೆಯಲ್ಲಿ ಕಂಪ್ಯೂಟರ್ ಅಂಗಡಿ. ಕೂರಿಸಿ ಹೊರಡುವಾಗ ಸುಮ್ಮನೆ ಹೋಗಬೇಕೋ ಬೇಡವೋ, ಬಾಗಿಲಲ್ಲಿ ನಿಂತು ಹೇಳಿದ.

"ಅಂಕಲ್, ಇದರ ಹಿಂದೆ ಒಂದು ಪೋರ್ಟ್ ಇದೆ ನೋಡಿ. ಇದನ್ನ ರೌಟರ್‌ಗೆ ಕನೆಕ್ಟ್ ಮಾಡಿದ್ರೆ ಬ್ಯಾಟರಿ ಎಷ್ಟಿದೆ ಅಂತ ಕಂಪ್ಯೂಟರಲ್ಲೇ ಕಾಣುತ್ತೆ."

"ಕೂತಲ್ಲಿಂದಲೇ?"

"ಕೂತಲ್ಲಿಂದ ಯಾಕೆ, ನೆಟ್ ಇದ್ರೆ ಯಾವ ಊರಿಂದ ಬೇಕಾದ್ರೂ ನೋಡಬಹುದು."

ಮೈದುನ ಎದ್ದು ಒಳಗೆ ಹೋಗಿ ತಾನೇ ಅರ್ಮಾನನಿಗೆ ಕುಡಿಯಲು ನೀರು ತಂದುಕೊಟ್ಟ. ಅವನು ಯಾರಿಗಾದರೂ ನೀರು ಕೊಟ್ಟದ್ದನ್ನು ನಾನು ನೋಡಿದ್ದು ಅದೇ ಮೊದಲು.

ರೌಟರ್ ಎಂದರೆ ಫೋನಿನ ತಂತಿಯಲ್ಲಿ ಬರುವ ಇಂಟರ್‌ನೆಟ್ಟನ್ನು ಹಿಡಿದು ಮನೆಯ ಕಂಪ್ಯೂಟರಿಗೆ ಹಂಚುವ ಡಬ್ಬಿ. ಎಲೆಯಡಿಕೆ ಪೆಟ್ಟಿಗೆಯಷ್ಟು ದೊಡ್ಡದು, ಹಸಿರು ಕಣ್ಣು ಮಿಟುಕಿಸುತ್ತಿರುತ್ತದೆ. ಇದನ್ನೆಲ್ಲ ನಾನು ಓದಿ ತಿಳಿದದ್ದಲ್ಲ, ಕಸ ಗುಡಿಸುವಾಗ ಅದರ ತಂತಿಗೆ ಪೊರಕೆ ತಾಗಿಸಿ ದಿನಾ ಬೈಸಿಕೊಂಡು ತಿಳಿದದ್ದು. ಯುಪಿಎಸ್ಸಿನ ಬೆನ್ನಿನಿಂದ ಒಂದು ತಂತಿ ಹೊರಟು ಆ ಡಬ್ಬಿಗೆ ಸೇರಿತು. ಕಂಪ್ಯೂಟರಿನಲ್ಲಿ ಹಸಿರು ಸೀಸೆಯಂಥ ಒಂದು ಚಿತ್ರ ಬಂತು. ಸೀಸೆ ತುಂಬಿದ್ದರೆ ನೂರು, ಖಾಲಿಯಾದರೆ ಸೊನ್ನೆ. ಕೆಳಗೆ ಇನ್ನೊಂದು ಗೆರೆ, ಮನೆಯಲ್ಲಿ ಎಷ್ಟು ಲೋಡ್ ಇದೆ, ಅಂದರೆ ಎಷ್ಟು ಕರೆಂಟ್ ಖರ್ಚಾಗುತ್ತಿದೆ ಎಂದು ಹೇಳುವುದು. ಎಲ್ಲ ಲೋಡೂ ತನ್ನ ಕಣ್ಣಿಗೆ ಬೀಳಬೇಕೆಂದು ಇಡೀ ಮನೆಯ ಲೈನನ್ನು ಆ ಯುಪಿಎಸ್ಸಿನ ಮೂಲಕವೇ ಎಳೆಸಿದ. ಹಜಾರದಲ್ಲಿ ಕಂಪ್ಯೂಟರ್ ಇಟ್ಟು ಅದರ ಮುಂದೆ ಕುರ್ಚಿ ಹಾಕಿದ. ಕುರ್ಚಿಗೆ ಹೋಗಿ ಕೂತ. ಭದ್ರಾವತಿಯಲ್ಲಿ ಬಿಟ್ಟುಬಂದಿದ್ದ ಮುಖ ತಿರುಗಿ ಬಂತು.

ಮರುದಿನದಿಂದಲೇ ಮನೆಯಲ್ಲಿ ಲೈನ್ ಕ್ಲಿಯರ್ ಶುರು.

ಮಹಾಂತಮ್ಮ ಅಡಿಗೆಮನೆಯಿಂದ, "ರೀ, ಮಿಕ್ಸಿ ಹಾಕ್ಲಾ?" ಎಂದು ಕೂಗಬೇಕು.

"ತಾಳು. ಎಷ್ಟು ಹೊತ್ತು?"

"ಚಟ್ನಿಗೆ ಎಷ್ಟು ಹೊತ್ತು ಬೇಕೋ ಅಷ್ಟು ಹೊತ್ತು."

"ಹಂಗಂದ್ರೆ ಕೊಡಕ್ಕಾಗಲ್ಲ ಮಾರಾಯ್ತಿ. ಟೈಮ್ ಹೇಳಬೇಕು."

"ಎರಡು ನಿಮಿಷ."

"ಕೊಟ್ಟೆ."

ಚಟ್ನಿ ನುಣ್ಣಗಾಗುವುದರೊಳಗೆ "ಟೈಮಾಯ್ತು" ಎಂಬ ಕೂಗು ಬರುತ್ತಿತ್ತು. ಆ ಬೇಸಿಗೆಯಲ್ಲಿ ನಾವು ತಿಂದ ಚಟ್ನಿಯೆಲ್ಲ ಅರ್ಧ ಕಾಯಿ, ಅರ್ಧ ಚಟ್ನಿ.

ಇದು ಕರೆಂಟ್ ಇದ್ದಾಗಿನ ಮಾತು. ಕರೆಂಟ್ ಹೋದಾಗ ಒಂದೊಂದೇ ಸ್ವಿಚ್ಚು ಆರಿಸಿಕೊಂಡು ಬರುತ್ತಿದ್ದ. ಕೊನೆಗೆ ಉಳಿಯುತ್ತಿದ್ದುದು ಕಣ್ಣು ಮಿಟುಕಿಸುವ ರೌಟರ್ ಡಬ್ಬಿ, ಮತ್ತೆ ಹಳೇ ಟೀವಿಯ ಹಾಗೆ ಹೊಟ್ಟೆ ದಪ್ಪಗಿದ್ದ ಆ ಕಂಪ್ಯೂಟರ್. ಅದರ ಬೆಳಕಿನಲ್ಲಿ ಅವನ ಮುಖವೊಂದು ಹಸಿರಾಗಿ ಕಾಣುತ್ತಿತ್ತು. ನಾನು ಮೊರ ಹಿಡಿದು ಗಾಳಿ ಹಾಕಿಕೊಳ್ಳುತ್ತ ಕೂತಿರುತ್ತಿದ್ದೆ. ಒಂದು ಸಂಜೆ ತಡೆಯಲಾಗಲಿಲ್ಲ.

"ಶಿವಮೂರ್ತಿ, ಆ ಫ್ಯಾನ್ ಒಂದು ಹಾಕಪ್ಪ."

"ಐವತ್ತೆಂಟಿದೆ ಅತ್ತಿಗೆ."

"ಇದೆಯಲ್ಲ, ಹಾಕು."

"ಇದೆ ಅಂತ ಖರ್ಚು ಮಾಡಿದ್ರೆ ನಾಳೆ ಎಮರ್ಜೆನ್ಸಿಗೆ ಏನು ಮಾಡೋದು?"

"ಎಮರ್ಜೆನ್ಸಿ ಅಂದ್ರೆ?"

"ಕರೆಂಟ್ ಹೋದಾಗ."

"ಈಗ ಏನಾಗಿದೆ?"

"ಈಗ ಹೋಗಿರೋದು ಟೈಮ್‌ಟೇಬಲ್ ಪ್ರಕಾರ ಹೋಗಿರೋದು ಅತ್ತಿಗೆ. ಅದು ಎಮರ್ಜೆನ್ಸಿ ಅಲ್ಲ."

ಮಹಾಂತಮ್ಮ ಕತ್ತಲಿನಿಂದ, "ಆ ಕಂಪ್ಯೂಟರ್ ಆರಿಸಿದ್ರೆ ಒಂದು ಫ್ಯಾನ್ ತಿರುಗಲ್ವೇನ್ರೀ?" ಎಂದಳು.

"ಆರಿಸಿದ್ರೆ ಎಷ್ಟಿದೆ ಅಂತ ಗೊತ್ತಾಗೋದು ಹೆಂಗೆ?"

ಎಷ್ಟು ಉಳಿದಿದೆ ಎಂದು ನೋಡುವುದಕ್ಕೇ ಉಳಿದದ್ದೆಲ್ಲ ಕರಗುತ್ತಿತ್ತು. ಅದನ್ನು ಅವನಿಗೆ ಹೇಳಿದರೆ, ಎಷ್ಟು ಕರಗಿತು ಎಂದು ತಕ್ಷಣ ನೋಡಿ ಹೇಳುತ್ತಿದ್ದ.

ತಿಂಗಳಿಗೊಮ್ಮೆ ಅವನು ಭದ್ರಾವತಿಗೆ ಹೋಗುತ್ತಿದ್ದ. ಕಾರ್ಖಾನೆಯ ಗೇಟಿನ ಎದುರಿನ ಹೋಟೆಲಿನಲ್ಲಿ ಹಳೆಯ ಕಂಟ್ರೋಲ್ ರೂಮಿನವರೆಲ್ಲ ಸೇರಿ ಟೀ ಕುಡಿಯುವುದು ವಾಡಿಕೆ. ಆ ತಿಂಗಳು ಅವರನ್ನೆಲ್ಲ ಪಕ್ಕದ ಬ್ರೌಸಿಂಗ್ ಸೆಂಟರಿಗೆ ಕರೆದುಕೊಂಡು ಹೋದನಂತೆ. ಮನೆಯಲ್ಲಿ ನಮಗೆ ಫೋನ್ ಬಂತು. ಮಹಾಂತಮ್ಮ ಎತ್ತಿಕೊಂಡಳು. ಅವನ ದನಿ ಎಷ್ಟು ಜೋರಾಗಿತ್ತೆಂದರೆ ಪಕ್ಕದಲ್ಲಿದ್ದ ನನಗೂ ಕೇಳಿಸುತ್ತಿತ್ತು.

"ಮಾಂತಮ್ಮ, ಏನು ಹಾಕಿದ್ದು ಈಗ? ಲೋಡು ಹಾರಿದೆ."

"ನೀವೆಲ್ಲಿದೀರಿ?"

"ಭದ್ರಾವತಿ."

"ಅಲ್ಲಿಗೂ ಕಾಣ್ಸುತ್ತಾ?"

"ಇಲ್ಲಿಂದ ಎಲ್ಲಾ ಕಾಣುತ್ತೆ. ಏನು ಹಾಕಿದ್ದು ಹೇಳು."

"ಇಸ್ತ್ರಿ ಪೆಟ್ಟಿಗೆ. ಒಂದು ರವಿಕೆ ಇಸ್ತ್ರಿ ಮಾಡ್ತಿದೀನಿ."

"ಲೈನ್ ಕ್ಲಿಯರ್ ಯಾರು ಕೊಟ್ರು?"

"ನಾಳೆ ನಾನೂ ಭದ್ರಾವತಿಗೆ ಬರ್ತಿದೀನಲ್ರೀ. ಆಕಾಶವಾಣಿಗೆ, ಹಾಡೋಕೆ. ಹೇಳಿದ್ನಲ್ಲ ಮೊನ್ನೆ. ಹೂಂ ಅಂದ್ರಲ್ಲ."

"ಸರಿ ಸರಿ. ಆಫ್ ಮಾಡಿದ್ಯಲ್ಲ? ಹಾಂ, ಇಳೀತು." ಆ ಕೊನೆಯ ಮಾತು ನಮಗಲ್ಲ, ಜೊತೆಯಲ್ಲಿದ್ದವರಿಗೆ. ಅವರೆಲ್ಲ ಆಹಾ ಎಂದದ್ದು ಕೇಳಿಸಿತು.

ಮಹಾಂತಮ್ಮ ಫೋನ್ ಇಟ್ಟು ಅರ್ಧ ಇಸ್ತ್ರಿಯಾದ ರವಿಕೆಯನ್ನು ನೋಡಿದಳು. ಒಂದು ತೋಳು ನೆಟ್ಟಗಿತ್ತು, ಇನ್ನೊಂದು ಮುದುಡಿತ್ತು. ಹಾಗೇ ಮಡಚಿಟ್ಟಳು.

ಆ ಹಾಡಿನ ವಿಷಯ ಹೇಳಬೇಕು. ತವರಿಗೆ ಬಂದ ಮಗಳು ಗಂಡನ ಮನೆಗೆ ತಿರುಗಿ ಹೊರಡುವಾಗ ತವರಿನ ಒಂದೊಂದನ್ನೂ ಮಾತಾಡಿಸಿ ಹೋಗುವ ಹಾಡು. ಮೊದಲು ಬಾಗಿಲು, ಆಮೇಲೆ ಹೊಸ್ತಿಲು, ಒಲೆ, ಕೊಟ್ಟಿಗೆಯ ದನ, ಕೊನೆಗೆ ಬಾವಿ. ಮಹಾಂತಮ್ಮನ ಅವ್ವ ಬೀಸುವಾಗ ಹೇಳುತ್ತಿದ್ದುದಂತೆ. ಅವ್ವ ಹೋಗಿ ಎಷ್ಟೋ ವರ್ಷವಾಯಿತು. ಈಗ ಪೂರ್ತಿ ಬರುತ್ತಿದ್ದುದು ಇವಳೊಬ್ಬಳಿಗೇ. ಕುಂಸಿಯಲ್ಲಿ ಇವಳ ದೊಡ್ಡಕ್ಕ ಸೊಂಟ ಮುರಿದುಕೊಂಡು ಹಾಸಿಗೆ ಹಿಡಿದಿದ್ದಳು. ಮಲಗಿದಲ್ಲೇ ಆ ಹಾಡನ್ನು ನೆನಪು ಮಾಡಿಕೊಳ್ಳುತ್ತ, ಒಲೆಯ ತನಕ ಬಂದು ನಿಂತುಬಿಡುತ್ತಿದ್ದಳಂತೆ. ಮುಂದಿನದು ಎಷ್ಟು ತಡಕಿದರೂ ಸಿಗದು.

ಕುಂಸಿ ಎಷ್ಟು ದೂರ, ಬಸ್ಸು ಹತ್ತಿದರೆ ಆಯಿತು. ಆದರೆ ಮೈದುನ ಬಿಡಬೇಕಲ್ಲ. ಯುಪಿಎಸ್ ಇರುವ ಮನೆಯಲ್ಲಿ ಯಾವಾಗಲೂ ಒಬ್ಬ ಆಪರೇಟರ್ ಇರಲೇಬೇಕು ಎನ್ನುವುದು ಅವನ ಕಾನೂನು. ತಾನು ನೋಡುವವನು, ಸ್ವಿಚ್ಚಿನ ಹತ್ತಿರ ಹೋಗುವವಳು ಮಹಾಂತಮ್ಮ. ಆ ಲೆಕ್ಕದಲ್ಲಿ ನಾನು ಬರೀ ಲೋಡು.

ಹಾಗಾಗಿ ದೊಡ್ಡಕ್ಕನೇ ಹೇಳಿ ಕಳಿಸಿದ್ದಳು, ಬರಕ್ಕಾಗದಿದ್ರೆ ಟೇಪ್ ಮಾಡಿ ಕಳಿಸೇ, ಒಂದು ಸಲ ಕೇಳಿ ಕಲಿಯೋ ವಯಸ್ಸಾ ನಂದು, ದಿನಾ ಹಾಕ್ಕೊಂಡು ಕೇಳ್ತೀನಿ ಎಂದು. ಮನೆಯಲ್ಲೇ ಟೇಪ್‌ರೆಕಾರ್ಡರಿನ ಮುಂದೆ ಕೂತು ಹಾಡಿಬಿಡೇ ಎಂದು ನಾನೂ ಹೇಳಿ ನೋಡಿದೆ. ಮೂರು ಸಲ ಕೂತಳು. ಬಾಗಿಲಿನ ಹತ್ತಿರ ಬರುವುದರೊಳಗೆ ಒಂದು ಸಲ, ಹೊಸ್ತಿಲು ದಾಟುವುದರೊಳಗೆ ಇನ್ನೊಂದು ಸಲ, "ಮಾಂತಮ್ಮ, ಬಚ್ಚಲ ಲೈಟು" ಎಂದೋ, "ಮಾಂತಮ್ಮ, ಏನೋ ಏರ್ತಿದೆ ನೋಡು" ಎಂದೋ ಕರೆ ಬಂತು. ಮೂರನೇ ಸಲ ಯಾರೂ ಕರೆಯಲಿಲ್ಲ. ಕರೆಯುತ್ತಾರೆ ಎಂದು ಕಾದೇ ಅವಳಿಗೆ ದನಿ ಹೊರಡಲಿಲ್ಲ.

ಆಕಾಶವಾಣಿಗೆ ಹೋಗಿ ಬಂದ ದಿನ ಅವಳ ಮುಖ ನೋಡಬೇಕಿತ್ತು. ನಮ್ಮ ಬೀದಿಯ ಸ್ತ್ರೀ ಸಂಘದವರೆಲ್ಲ ಒಟ್ಟಿಗೆ ಹೋಗಿದ್ದರು.

"ಅಲ್ಲಿ ಒಂದು ಕೋಣೆ ಅಕ್ಕ, ಬಾಗಿಲು ಹಾಕಿಬಿಡ್ತಾರೆ. ಹೊರಗಿನ ಒಂದು ಸೌಂಡೂ ಒಳಗೆ ಬರಲ್ಲ. ಬಾವಿತನಕ ಹಾಡಿದೆ, ಯಾರೂ ನಡುವೆ ಕರೀಲಿಲ್ಲ" ಎಂದಳು.

ಹಾಡು ರೇಡಿಯೋದಲ್ಲಿ ಬರುವುದು ಒಂದು ಗುರುವಾರ ಮಧ್ಯಾಹ್ನ ಎಂದು ತಿಳಿಯಿತು. ಅದನ್ನು ಟೇಪ್ ಮಾಡಿಕೊಂಡರೆ ದೊಡ್ಡಕ್ಕನಿಗೆ ಹಾಡು ದಕ್ಕಿದ ಹಾಗೆ. ತಪ್ಪಿದರೆ ಇಲ್ಲ. ನಮ್ಮ ಮನೆಯ ಟೂ ಇನ್ ಒನ್ನಿನಲ್ಲಿ ರೇಡಿಯೋ ಕೆಟ್ಟು ವರ್ಷವಾಗಿತ್ತು, ಟೇಪ್ ಮಾತ್ರ ಓಡುತ್ತಿತ್ತು. ಸೆಲ್ ಹಾಕುವ ಜಾಗ ತುಕ್ಕು ಹಿಡಿದಿದ್ದರಿಂದ ಅದಕ್ಕೂ ಕರೆಂಟೇ ಬೇಕು. ಪಕ್ಕದ ಮನೆಯ ಕರೀಮಾಬಿಯ, ಅಂದರೆ ಅರ್ಮಾನನ ತಾಯಿಯ, ಸೆಲ್ಲಿನ ಟ್ರಾನ್ಸಿಸ್ಟರ್ ತಂದು ಇದರ ಮುಂದಿಟ್ಟು ಹಿಡಿಯುವುದೆಂದಾಯಿತು.

ಮಹಾಂತಮ್ಮ ಈ ಸಲ ಪದ್ಧತಿ ಪ್ರಕಾರವೇ ಹೋದಳು. ಕುರ್ಚಿಯ ಎದುರು ನಿಂತು, "ರೀ, ಗುರುವಾರ ಮಧ್ಯಾಹ್ನ ಹಜಾರದ ಪ್ಲಗ್ಗಿಗೆ ಟೇಪ್‌ರೆಕಾರ್ಡರ್. ಹಾಡು ಮುಗಿಯೋತನಕ ಕರೆಂಟ್ ಬೇಕು. ಅದೊಂದು ನಡುವೆ ನಿಲ್ಲಬಾರದು" ಎಂದಳು.

ಮೈದುನ ಅವಳನ್ನು ಕಣ್ಣೆತ್ತಿ ನೋಡಿದ. ಇಷ್ಟು ಕ್ರಮವಾಗಿ ಯಾರೂ ಕೇಳಿರಲಿಲ್ಲ. "ಕೊಟ್ಟೆ" ಎಂದ. ಸುಳ್ಳಿಗೆ ಹೇಳಿದ್ದಲ್ಲ. ಒಳಗೆ ಹೋಗಿ ಗೋವಿಂದಯ್ಯನವರಿಗೆ ಫೋನ್ ಮಾಡಿದ. "ಗುರುವಾರ ರಂಗಪ್ಪನ್ನೂ ಕರ್ಕೊಂಡು ಬನ್ನಿ. ಅವತ್ತು ಒಂದು ನಿಜವಾದ ಲೋಡ್ ಇದೆ. ಸಿಸ್ಟಮ್ ಹೆಂಗೆ ತಡ್ಕೊಳುತ್ತೆ, ಲೈವ್ ನೋಡಬಹುದು."

ಗುರುವಾರ ಬೆಳಗ್ಗೆ ನಾವು ಏಳುವ ಹೊತ್ತಿಗೆ ಮನೆಯ ಎಲ್ಲ ಫ್ಯಾನುಗಳೂ ತಿರುಗುತ್ತಿದ್ದವು. ಎಲ್ಲ ದೀಪಗಳೂ ಉರಿಯುತ್ತಿದ್ದವು, ಬಚ್ಚಲಿನದು ಕೂಡ. ಮೈದುನ ಸ್ನಾನ ಮಾಡಿ ವಿಭೂತಿ ಹಚ್ಚಿಕೊಂಡು ಕಂಪ್ಯೂಟರಿನ ಮುಂದೆ ಕೂತಿದ್ದ.

"ಇದೇನಪ್ಪ, ದೀಪಾವಳಿ?"

"ಟ್ರಯಲ್ ಅತ್ತಿಗೆ. ಫ್ಯಾಕ್ಟರಿಗೆ ದೊಡ್ಡೋರು ಯಾರಾದ್ರೂ ಬರ್ತಾರೆ ಅಂದ್ರೆ ಮುಂಚೆ ಒಂದು ಟ್ರಯಲ್ ಮಾಡೋದು ಪದ್ಧತಿ. ಮೇನ್ ಆಫ್ ಮಾಡಿ ಬ್ಯಾಟರಿ ಮೇಲೆ ಓಡಿಸಿ ನೋಡ್ತಿದೀನಿ."

ಕಾರ್ಖಾನೆಯಲ್ಲಿ ಒಂದು ಮನೆಯಷ್ಟು ದೊಡ್ಡ ಬ್ಯಾಟರಿಗಳಿದ್ದವು, ಟ್ರಯಲ್ ಆದ ಮೇಲೆ ತುಂಬಿಸುವುದಕ್ಕೆ ಅವರದೇ ಜನರೇಟರೂ ಇತ್ತು. ನಮ್ಮ ಮನೆಯಲ್ಲಿ ಇದ್ದದ್ದು ಸ್ಟೂಲಿನ ಕೆಳಗೆ ಹಿಡಿಸುವ ಒಂದೇ ಬ್ಯಾಟರಿ. ಆದರೂ ಆ ಬೇಸಿಗೆಯಲ್ಲಿ ನನಗೆ ಹೊಟ್ಟೆ ತುಂಬ ಗಾಳಿ ಸಿಕ್ಕಿದ್ದು ಆ ಬೆಳಗ್ಗೆ ಮಾತ್ರ, ಅದಕ್ಕೆ ನಾನು ಹೆಚ್ಚು ಮಾತಾಡಲಿಲ್ಲ. ತಿಂಡಿಯ ಹೊತ್ತಿಗೆ "ಟ್ರಯಲ್ ಸಕ್ಸಸ್" ಎಂದು ಮೇನ್ ಹಾಕಿದ. ಸೀಸೆ ಅರ್ಧಕ್ಕಿಂತ ಕೆಳಗೆ ಹೋಗಿತ್ತು. ಈಗ ತುಂಬುತ್ತದೆ ಎಂದ. ತುಂಬಲು ಶುರುವಾಗುವುದರೊಳಗೆ ಬೀದಿಯ ಕರೆಂಟ್ ಹೋಯಿತು. ಒಂದು ಸಲ ಬಂತು, ಮತ್ತೆ ಹೋಯಿತು.

ಗೋವಿಂದಯ್ಯನವರೂ, ಅದೇ ಕಂಟ್ರೋಲ್ ರೂಮಿನಲ್ಲಿದ್ದ ರಂಗಪ್ಪನವರೂ ಬಂದರು. ಇಬ್ಬರೂ ಇಸ್ತ್ರಿ ಮಾಡಿದ ಅಂಗಿ ಹಾಕಿದ್ದರು. ಅತಿಥಿಗಳೆಂದು ಫ್ಯಾನ್ ಹಾಕಿಸಿ ಕಂಪ್ಯೂಟರಿನ ಮುಂದೆ ಕೂರಿಸಿದ. ರಂಗಪ್ಪನವರು ಹಸಿರು ಸೀಸೆಯನ್ನು ನೋಡಿ, "ನಮ್ಮ ಪ್ಯಾನೆಲ್ ನೆನಪಾಗುತ್ತೆ ಮಾರಾಯ್ರೆ" ಎಂದು ಕಣ್ಣು ಒರೆಸಿಕೊಂಡರು. ಕರೀಮಾಬಿ ಟ್ರಾನ್ಸಿಸ್ಟರನ್ನು ಸೆರಗಿನಲ್ಲಿ ಸುತ್ತಿಕೊಂಡು ಬಂದಳು. ಮಹಾಂತಮ್ಮ ಸ್ಟೂಲಿನ ಮೇಲೆ ಟೇಪ್‌ರೆಕಾರ್ಡರ್ ಇಟ್ಟು, ಅದರ ಎದುರಿಗೆ ಟ್ರಾನ್ಸಿಸ್ಟರ್ ಇಟ್ಟು, ಹೊಸ ಕ್ಯಾಸೆಟ್ ಹಾಕಿದಳು.

"ಹಾಡು ಮುಗಿಯೋತನಕ ದಯವಿಟ್ಟು ಯಾರೂ ಮಾತಾಡಬೇಡಿ. ಎಲ್ಲಾ ಟೇಪಲ್ಲಿ ಬಂದುಬಿಡುತ್ತೆ" ಎಂದಳು.

ಎಲ್ಲರೂ ತಲೆಯಾಡಿಸಿದರು. ಮೈದುನ ಎಲ್ಲರಿಗಿಂತ ಹೆಚ್ಚು ಆಡಿಸಿದ.

ಹಾಡು ಶುರುವಾಯಿತು. ಅವಳದೇ ದನಿ, ಆದರೆ ನಮ್ಮ ಮನೆಯಲ್ಲಿ ನಾವು ಕೇಳಿಲ್ಲದ ದನಿ. ಬಾಗಿಲಿನ ಮಾತು ಬಂತು. ಕರೀಮಾಬಿ ನನ್ನ ಕೈ ಹಿಡಿದುಕೊಂಡಳು. ಆಗ ಸೀಸೆಯ ಕೆಳಗಿನ ಅಂಕಿ ಬದಲಾಯಿತು.

"ಫಾರ್ಟಿ ತ್ರೀ" ಎಂದ ಮೈದುನ, ಗಟ್ಟಿಯಾಗಿ.

"ಫಾರ್ಟಿ ತ್ರೀ" ಎಂದರು ಗೋವಿಂದಯ್ಯನವರು, ಅಷ್ಟೇ ಗಟ್ಟಿಯಾಗಿ.

ಇಬ್ಬರಿಗೂ ತಾವು ಮಾತಾಡಿದ್ದು ಗೊತ್ತಾಗಲಿಲ್ಲ. ಮಹಾಂತಮ್ಮ ಬಾಯಿ ಮೇಲೆ ಕೈಯಿಟ್ಟು ಸನ್ನೆ ಮಾಡಿದಳು. ಅವರ ಕಣ್ಣು ಇವಳ ಕಡೆ ಇದ್ದರಲ್ಲವೇ? ಹೊಸ್ತಿಲಿನ ಮಾತು ಬಂತು.

"ಫಾರ್ಟಿ."

"ಫಾರ್ಟಿ."

"ಥರ್ಟಿ ಸಿಕ್ಸ್."

"ಥರ್ಟಿ ಸಿಕ್ಸ್."

ಒಲೆಯ ಹತ್ತಿರ ಬರುವಾಗ ಯುಪಿಎಸ್ ಪೀಂ ಪೀಂ ಎನ್ನತೊಡಗಿತು. ಮೈದುನ ಎದ್ದು ಫ್ಯಾನ್ ಆರಿಸಿದ. ತಿರುಗಿ ಬಂದು ಕೂತ. ನನಗೆ ತಡೆಯಲಾಗದೆ, "ಆ ಕಂಪ್ಯೂಟರ್ ಆರಿಸೋ" ಎಂದು ಪಿಸುಗುಟ್ಟಿದೆ.

"ಆರಿಸಿದ್ರೆ ಹಾಡು ಮುಗಿಯೋತನಕ ಬರುತ್ತೋ ಇಲ್ವೋ ಅಂತ ಹೆಂಗೆ ತಿಳಿಯುತ್ತೆ ಅತ್ತಿಗೆ?"

"ಟ್ವೆಂಟಿ ಟು" ಎಂದರು ರಂಗಪ್ಪನವರು. ಅವರಿಗೂ ಅಂಟಿತ್ತು.

"ಟ್ವೆಂಟಿ ಟು" ಎಂದರು ಗೋವಿಂದಯ್ಯನವರು.

ಪೀಂ ಎನ್ನುವುದು ಒಂದೇ ಉದ್ದನೆಯ ಕೂಗಾಯಿತು. ಆಮೇಲೆ ಟಪ್ಪೆಂದು ಎಲ್ಲ ನಿಂತಿತು. ಸೀಸೆ ಹೋಯಿತು, ರೌಟರಿನ ಕಣ್ಣು ಮುಚ್ಚಿತು, ಟೇಪ್ ನರಳಿ ನಿಂತುಕೊಂಡಿತು.

ಟ್ರಾನ್ಸಿಸ್ಟರಿಗೆ ಇದು ಯಾವುದೂ ಗೊತ್ತಿಲ್ಲ. ಅದು ಹಾಡುತ್ತಲೇ ಇತ್ತು. ನೋಡುವುದಕ್ಕೆ ಏನೂ ಇಲ್ಲವಾದ್ದರಿಂದ ಆ ಮೂವರು ಗಂಡಸರೂ ಬೇರೆ ದಾರಿಯಿಲ್ಲದೆ ಕೇಳಿದರು. ಮಗಳು ಕೊಟ್ಟಿಗೆಗೆ ಹೋಗಿ ದನದ ಕೊರಳು ಮುಟ್ಟಿ ಮಾತಾಡಿಸಿದಳು, ಬಾವಿಗೆ ಬಗ್ಗಿ ತನ್ನ ನೆರಳಿಗೆ ಇಲ್ಲೇ ಇರು ಎಂದು ಹೇಳಿ ಹೊರಟುಹೋದಳು. ಹಾಡು ಮುಗಿಯಿತು. ಹಾಡಿದವರು ಶಿವಮೊಗ್ಗ ಆಲ್ಕೊಳದ ಮಹಾಂತಮ್ಮ ಎಂದು ರೇಡಿಯೋದವರು ಹೇಳಿದರು.

ಗೋವಿಂದಯ್ಯನವರು ನಿಧಾನಕ್ಕೆ ತಿರುಗಿದರು. "ಇವರು ನಿಮ್ಮ ಮನೆಯವರಾ ಶಿವಮೂರ್ತಪ್ಪೋರೇ?"

"ಹೂಂ."

"ನೀವು ಹೇಳಲೇ ಇಲ್ಲ. ಲೋಡ್ ಇದೆ ಬನ್ನಿ ಅಂದ್ರಿ, ನಾವು ಗ್ರೈಂಡರ್ ಅಂದ್ಕೊಂಡಿದ್ವಿ."

ಮಧ್ಯಾಹ್ನ ಅವರು ಊಟ ಮಾಡಿ ಹೋದರು. ಸಂಜೆ ಕರೆಂಟ್ ಬಂದ ಮೇಲೆ ಮಹಾಂತಮ್ಮ ಕ್ಯಾಸೆಟ್ ಹಿಂದಕ್ಕೆ ಸುತ್ತಿ ಹಾಕಿದಳು. ಕರೀಮಾಬಿಯೂ ಇದ್ದಳು. ಬಾಗಿಲಿನ ಮಾತು, ಫಾರ್ಟಿ ತ್ರೀ, ಫಾರ್ಟಿ ತ್ರೀ. ಹೊಸ್ತಿಲಿನ ಮಾತು, ಫಾರ್ಟಿ, ಫಾರ್ಟಿ. ನಡುವೆ ನನ್ನ ಪಿಸುಮಾತೂ ಇತ್ತು, ಯಾರೋ ಕಳ್ಳಿಯ ದನಿಯ ಹಾಗೆ. ಕರೀಮಾಬಿ ಸೆರಗು ಬಾಯಿಗಿಟ್ಟುಕೊಂಡು ನಕ್ಕಳು. ನನಗೂ ತಡೆಯಲಾಗಲಿಲ್ಲ. ಮೈದುನನಿಗೆ ಮಾತ್ರ ಅದು ತಪ್ಪಾಗಿ ಕಾಣಲಿಲ್ಲ. "ರೀಡಿಂಗ್ ಎಲ್ಲಾ ಕರೆಕ್ಟಾಗಿ ಬಂದಿದೆ" ಎಂದ.

ಮಹಾಂತಮ್ಮ ನಗಲಿಲ್ಲ, ಅಳಲೂ ಇಲ್ಲ. ಕ್ಯಾಸೆಟ್ ತೆಗೆದು ಕೈಯಲ್ಲಿ ಹಿಡಿದುಕೊಂಡು ಹೇಳಿದಳು. "ಒಲೆತನಕ ಅಕ್ಕಂಗೆ ಗೊತ್ತೇ ಇದೆ. ಬೇಕಾಗಿದ್ದದ್ದು ದನದಿಂದ ಮುಂದಕ್ಕೆ."

ಆಮೇಲೆ ಒಳಗೆ ಹೋಗಿ ಬ್ಯಾಗಿಗೆ ಸೀರೆ ತುಂಬತೊಡಗಿದಳು. ಮೈದುನ ಬಾಗಿಲಿಗೆ ಹೋಗಿ ನಿಂತ.

"ಎಲ್ಲಿಗೆ?"

"ಕುಂಸಿಗೆ. ಬಾಯಲ್ಲೇ ಹೇಳಿಕೊಡ್ತೀನಿ."

"ಇಲ್ಲಿ ಆಪರೇಟರ್?"

"ಭದ್ರಾವತಿಯಿಂದನೇ ಎಲ್ಲಾ ಕಾಣುತ್ತೆ ಅಂತೀರಲ್ಲ. ಆಲ್ಕೊಳದಿಂದ ಕಾಣಲ್ವಾ."

ಬೆಳಗಿನ ಬಸ್ಸಿಗೆ ಹೊರಟೇಹೋದಳು.

ನಂತರದ ದಿನಗಳಲ್ಲಿ ನಮ್ಮ ಯುಪಿಎಸ್ ನಡೆದಷ್ಟು ಚೆನ್ನಾಗಿ ಜಗತ್ತಿನಲ್ಲಿ ಇನ್ಯಾವ ಯುಪಿಎಸ್ಸೂ ನಡೆದಿರಲಾರದು. ನಾನು ಒರಳಿನಲ್ಲಿ ರುಬ್ಬಿದೆ, ಮೊರದಲ್ಲಿ ಗಾಳಿ ಹಾಕಿಕೊಂಡೆ, ಸಂಜೆ ಎಣ್ಣೆ ದೀಪ ಹಚ್ಚಿಕೊಂಡೆ. ಒಂದು ಸಲವೂ ಲೈನ್ ಕ್ಲಿಯರ್ ಕೇಳಲಿಲ್ಲ. ಕರೆಂಟ್ ಇರುವಷ್ಟು ಹೊತ್ತೂ ಸೀಸೆ ನೂರರಲ್ಲೇ ನಿಂತಿತು. ಲೋಡು ಎಂದರೆ ಅದನ್ನು ತೋರಿಸುವ ಆ ಕಂಪ್ಯೂಟರ್ ಒಂದೇ. ಮೈದುನ ಅದರ ಮುಂದೆ ಕೂತು ಕೂತು ಏಳುತ್ತಿದ್ದ, ಎದ್ದು ಎದ್ದು ಕೂರುತ್ತಿದ್ದ.

ಒಂದು ಬೆಳಗ್ಗೆ ಅಡಿಗೆಮನೆಗೆ ಬಂದ. "ಅತ್ತಿಗೆ, ಬೇಕಾದ್ರೆ ಮಿಕ್ಸಿ ಹಾಕ್ಕೊಳ್ಳಿ."

"ರುಬ್ಬಿ ಆಯ್ತಪ್ಪ."

"ಫ್ಯಾನ್ ಬೇಕಿತ್ತಾ?"

"ಅಭ್ಯಾಸ ತಪ್ಪಿದೆ."

ಅವನು ತಿರುಗಿ ಹಜಾರಕ್ಕೆ ಹೋಗಿ, "ಹಂಡ್ರೆಡ್" ಎಂದ. ತಿರುಗಿ ಹೇಳುವುದಕ್ಕೆ ಯಾರೂ ಇರಲಿಲ್ಲ. ನಾನಂತೂ ಹೇಳಲಿಲ್ಲ.

ಆಮೇಲೆ ಕುಂಸಿಗೆ ಫೋನ್ ಮಾಡಿದ. ಎತ್ತಿದ್ದು ದೊಡ್ಡಕ್ಕನ ಗಂಡ ಜಂಬಣ್ಣ. ಅವರಿಗೆ ಕಿವಿ ಸ್ವಲ್ಪ ಮಂದ, ಅದಕ್ಕೆ ಫೋನಿನಲ್ಲಿ ಕೂಗಿಯೇ ಮಾತಾಡುತ್ತಾರೆ. "ಅವರು ಹಾಡ್ತಿದಾರೆ. ನಡುವೆ ಕರೀಬಾರದು ಅಂತ ನಮ್ಮ ಮನೆಯವಳ ಆರ್ಡರ್ರು. ಆಮೇಲೆ ಮಾಡಿ." ಆಮೇಲೆ ಮಾಡಿದರೂ ಅದೇ. ಮರುದಿನ ಮಾಡಿದರೂ ಅದೇ.

ಕೊನೆಗೆ ಅವನೇ, "ಅತ್ತಿಗೆ, ಕುಂಸಿಗೆ ಹೋಗಿ ಬರೋಣ್ವಾ?" ಎಂದ. ಕಂಪ್ಯೂಟರ್ ಆರಿಸಿದ. ರೌಟರಿನ ತಂತಿ ಕಿತ್ತಿಟ್ಟ. ಮನೆಗೆ ಬೀಗ ಹಾಕಿ ಬಸ್ಸು ಹತ್ತಿದೆವು.

ಕುಂಸಿಯಲ್ಲಿ ಬೆಳಗ್ಗೆಯಿಂದ ಕರೆಂಟ್ ಇರಲಿಲ್ಲ. ಅಲ್ಲಿ ಅದರ ಮಾತನ್ನು ಯಾರೂ ಆಡುತ್ತಿರಲಿಲ್ಲ. ನಡುಮನೆಯಲ್ಲಿ ದೊಡ್ಡಕ್ಕ ದಿಂಬಿಗೆ ಒರಗಿದ್ದಳು. ಮಹಾಂತಮ್ಮ ಮಂಚದ ತುದಿಯಲ್ಲಿ ಕೂತು ಹಾಡುತ್ತಿದ್ದಳು, ಒಲೆಯ ಮಾತು ಮುಗಿಯುತ್ತ ಬಂದಿತ್ತು. ಮೈದುನ ಬಾಗಿಲಲ್ಲಿ ನಿಂತು ಏನೋ ಹೇಳಲು ಬಾಯಿ ತೆರೆದ. ಅವಳು ಹಾಡು ನಿಲ್ಲಿಸದೆಯೇ ಒಂದು ಕೈ ಎತ್ತಿದಳು. ಅವನು ಬಾಯಿ ಮುಚ್ಚಿ ನೆಲದ ಮೇಲೆ ಕೂತ.

ನಾನು ದೊಡ್ಡಕ್ಕನ ಎದುರಿಗಿದ್ದೆ. ಮಗಳು ಕೊಟ್ಟಿಗೆಯ ಕಡೆ ನಡೆದಳು. ದನದ ಸಾಲು ಮಹಾಂತಮ್ಮನ ಬಾಯಿಗೆ ಬರುವುದಕ್ಕೆ ಮುಂಚೆಯೇ ದೊಡ್ಡಕ್ಕನ ತುಟಿ ಅದನ್ನು ಹೇಳುತ್ತಿತ್ತು. ಬಾವಿಯ ತನಕವೂ ಹಾಗೇ, ಒಂದು ಅಕ್ಷರ ತಪ್ಪಲಿಲ್ಲ.

ಹಾಡು ಮುಗಿದ ಮೇಲೆ ಮೈದುನ ಕೇಳಿದ, "ದೊಡ್ಡಕ್ಕಾರೇ, ಪೂರ್ತಿ ಬಂತಾ?"

"ಎಲ್ಲಪ್ಪಾ. ದನದ ಹತ್ರ ಬಂದ್ರೆ ಎಲ್ಲಾ ಮರೆತುಹೋಗುತ್ತೆ. ಇನ್ನೂ ತುಂಬಾ ದಿನ ಬೇಕು" ಎಂದಳು ದೊಡ್ಡಕ್ಕ. ಹೇಳುವಾಗ ನನ್ನ ಕಡೆ ನೋಡಲಿಲ್ಲ. ಮಹಾಂತಮ್ಮ ಸೀರೆಯ ನೆರಿಗೆ ಸರಿಮಾಡಿಕೊಳ್ಳುತ್ತಿದ್ದಳು, ಅವಳೂ ನೋಡಲಿಲ್ಲ.

ಮೈದುನ ಅಂಗಿ ಬಿಚ್ಚಿ ಗೂಟಕ್ಕೆ ಹಾಕಿ, ಜಂಬಣ್ಣನವರಿಗೆ, "ಬಾವ, ಹಂಗಾದ್ರೆ ನಾನೂ ಇರ್ತೀನಿ. ಇನ್ನೊಂದು ಸಲ ಕೇಳಬೇಕು, ಬಾಗಿಲಿಂದ ಒಲೆತನಕ ನನಗೆ ಸರಿಯಾಗಿ ಕೇಳಿಸಿಲ್ಲ" ಎಂದ.